ಮಡಚಿ ನೋಡುವುದು ಬೇರೆ, ತಿರುಗಿಸಿ ನೋಡುವುದು ಬೇರೆ

ಚಿತ್ರದುರ್ಗ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುವ ನನಗೆ ಸಮಮಿತಿಯ ಪಾಠದಲ್ಲಿ ಪ್ರತಿ ವರ್ಷವೂ ಎದುರಾಗುವ ತೊಡಕು ಸಮಾಂತರ ಚತುರ್ಭುಜದ ಕರ್ಣ. ಸಮಮಿತಿ ಅಕ್ಷವನ್ನು, ಅಂದರೆ ಮಡಚಿದಾಗ ಎರಡು ಭಾಗಗಳೂ ಒಂದರ ಮೇಲೊಂದು ಸರಿಯಾಗಿ ಕೂರುವ ಗೆರೆಯನ್ನು, ಎಳೆಯಿರಿ ಎಂದರೆ ಬಹುಪಾಲು ಮಕ್ಕಳು ಮೂಲೆಯಿಂದ ಮೂಲೆಗೆ ಗೆರೆ ಎಳೆದು, "ಎರಡೂ ಕಡೆ ಒಂದೇ ಅಳತೆ ಐತಲ್ಲ ಸರ್" ಎನ್ನುತ್ತಾರೆ. ಅವರ ಮಾತು ಸುಳ್ಳಲ್ಲ. ಕರ್ಣವು ಆ ಆಕೃತಿಯನ್ನು ಎರಡು ಸರ್ವಸಮ ತ್ರಿಭುಜಗಳಾಗಿ ಭಾಗಿಸುತ್ತದೆ. ಆದರೆ ಅಷ್ಟು ಸಾಲದು, ಒಂದು ಭಾಗವು ಆ ಗೆರೆಯಲ್ಲಿ ಇನ್ನೊಂದರ ಪ್ರತಿಬಿಂಬವೂ ಆಗಿರಬೇಕು.

ಇದನ್ನು ಬೋರ್ಡಿನ ಮೇಲೆ ವಿವರಿಸುವುದಕ್ಕಿಂತ, ಹಳೆಯ ದಿನಪತ್ರಿಕೆಯಲ್ಲಿ ಆಕೃತಿಯನ್ನು ಕತ್ತರಿಸಿ ಕರ್ಣದ ಗುಂಟ ಮಡಚಲು ಹೇಳುವುದೇ ಲೇಸು. ಮೂಲೆ ಹೊರಗೆ ಚಾಚಿಕೊಂಡದ್ದನ್ನು ಕಂಡ ಮೇಲೆ ವಾದಕ್ಕೆ ಎಡೆಯಿರುವುದಿಲ್ಲ. ಆಯತದ ಕರ್ಣದ ಗತಿಯೂ ಅದೇ. ಸಮಾಂತರ ಚತುರ್ಭುಜಗಳ ಪೈಕಿ ನಾಲ್ಕು ಬಾಹುಗಳೂ ಸಮನಾಗಿರುವ ವಜ್ರಾಕೃತಿ, ಚೌಕಗಳಲ್ಲಿ ಮಾತ್ರ ಕರ್ಣವು ಸಮಮಿತಿ ಅಕ್ಷವಾಗುತ್ತದೆ. ಹಾಗಾದರೆ ಸಮಾಂತರ ಚತುರ್ಭುಜದಲ್ಲಿ ಮಕ್ಕಳ ಕಣ್ಣಿಗೆ ಕಂಡ ಆ ಹೊಂದಾಣಿಕೆ ಯಾವುದು ಎಂಬ ಪ್ರಶ್ನೆ ಉಳಿಯುತ್ತದೆ. ಆಕೃತಿಯನ್ನು ಬಟರ್ ಪೇಪರಿನ ಮೇಲೆ ನಕಲು ಮಾಡಿ, ಕರ್ಣಗಳು ಸಂಧಿಸುವ ಬಿಂದುವಿನಲ್ಲಿ ಗುಂಡುಸೂಜಿ ಚುಚ್ಚಿ, ಅರ್ಧ ಸುತ್ತು ತಿರುಗಿಸಿದರೆ ನಕಲು ಮೂಲದ ಮೇಲೆ ಸರಿಯಾಗಿ ಕೂರುತ್ತದೆ. ಅವರು ಕಂಡದ್ದು ಪರಿಭ್ರಮಣ ಸಮಮಿತಿ, ಅದರ ಕ್ರಮ 2, ಅಂದರೆ ಒಂದು ಪೂರ್ತಿ ಸುತ್ತಿನಲ್ಲಿ ನಕಲು ಮೂಲದ ಮೇಲೆ ಎರಡು ಸಲ ಸರಿಯಾಗಿ ಕೂರುತ್ತದೆ. ಇಂಗ್ಲಿಷಿನ ಎನ್, ಎಸ್, ಝಡ್ ಅಕ್ಷರಗಳೂ ಇದೇ ಜಾತಿಯವು.

ನಮ್ಮ ಗುಡ್ಡಗಳ ಮೇಲಿನ ಗಾಳಿಯಂತ್ರಗಳನ್ನು ಬರೆಯಲು ಹೇಳಿದರೆ ಮಕ್ಕಳು 120 ಡಿಗ್ರಿ ಅಂತರದಲ್ಲಿ ಮೂರು ಗೆರೆ ಎಳೆದು, ಪರಿಭ್ರಮಣ ಕ್ರಮ 3, ಸಮಮಿತಿ ಅಕ್ಷಗಳೂ 3 ಎಂದು ಬರೆಯುತ್ತಾರೆ. ಆ ಗೆರೆಚಿತ್ರಕ್ಕೆ ಈ ಉತ್ತರ ಸರಿ, ಯಂತ್ರಕ್ಕೆ ಅಲ್ಲ. ನಿಜವಾದ ರೆಕ್ಕೆಯ ಒಂದು ಅಂಚು ದಪ್ಪವಾಗಿ ದುಂಡಗಿರುತ್ತದೆ, ಇನ್ನೊಂದು ತೆಳ್ಳಗಿರುತ್ತದೆ; ಪ್ರತಿಬಿಂಬದಲ್ಲಿ ಆ ಅಂಚುಗಳು ಅದಲುಬದಲಾಗುವುದರಿಂದ ಸಮಮಿತಿ ಅಕ್ಷ ಒಂದೂ ಉಳಿಯುವುದಿಲ್ಲ, ಕ್ರಮ ಮಾತ್ರ 3 ಆಗಿಯೇ ಇರುತ್ತದೆ. ದೂರದ ಗುಡ್ಡದಲ್ಲಿ ಇದು ಕಾಣದು. ಕರೆಂಟ್ ಹೋಗಿ ತರಗತಿಯ ಫ್ಯಾನು ನಿಂತಾಗ (ಆ ಅವಕಾಶಕ್ಕೇನೂ ಬರವಿಲ್ಲ) ಅದರ ಓರೆಯಾದ ರೆಕ್ಕೆಗಳನ್ನು ತೋರಿಸುತ್ತೇನೆ. ಆ ಫ್ಯಾನಿನ ಕನ್ನಡಿಬಿಂಬದಂತೆ ಇನ್ನೊಂದನ್ನು ಮಾಡಿ ಅದೇ ದಿಕ್ಕಿನಲ್ಲಿ ತಿರುಗಿಸಿದರೆ ಗಾಳಿ ಕೆಳಗೆ ಬಾರದೆ ಚಾವಣಿಯತ್ತ ಹೋಗುತ್ತದೆ.

ನಿರ್ದೇಶಾಂಕಗಳಿಗೆ ಬರುವಾಗ ಈ ದಿಕ್ಕಿನ ವಿಚಾರವೇ ಕೆಲಸಕ್ಕೆ ಬರುತ್ತದೆ. ತ್ರಿಭುಜದ ಶೃಂಗಗಳನ್ನು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಎ, ಬಿ, ಸಿ ಎಂದು ಹೆಸರಿಸಿದ್ದರೆ, ಒಮ್ಮೆ ಪ್ರತಿಫಲಿಸಿದಾಗ ಆ ಸರದಿ ತಿರುವುಮುರುವಾಗುತ್ತದೆ, ಎರಡನೆಯ ಪ್ರತಿಫಲನದಲ್ಲಿ ಮತ್ತೆ ಮೊದಲಿನಂತಾಗುತ್ತದೆ. (3, 2) ಬಿಂದುವನ್ನು ಎಕ್ಸ್ ಅಕ್ಷದಲ್ಲಿ ಪ್ರತಿಫಲಿಸಿದರೆ (3, −2), ಅದನ್ನು ವೈ ಅಕ್ಷದಲ್ಲಿ ಪ್ರತಿಫಲಿಸಿದರೆ (−3, −2) ಸಿಗುತ್ತದೆ; ಮೂಲಬಿಂದುವಿನ ಸುತ್ತ 180 ಡಿಗ್ರಿ ತಿರುಗಿಸಿದರೂ ತಲುಪುವುದು ಅಲ್ಲಿಗೇ. ಇದು ಅಕ್ಷಗಳು ಲಂಬವಾಗಿರುವುದರ ಆಕಸ್ಮಿಕವೇ ಎಂದು ಜಾಣ ಮಕ್ಕಳು ಕೇಳಿಯೇ ಕೇಳುತ್ತಾರೆ. ಆಗ ಎರಡನೆಯ ಕನ್ನಡಿಯಾಗಿ ವೈ ಅಕ್ಷದ ಬದಲು, ಎಕ್ಸ್ ಅಕ್ಷದೊಡನೆ 45 ಡಿಗ್ರಿ ಕೋನ ಮಾಡುತ್ತಾ ಮೂಲಬಿಂದುವಿನ ಮೂಲಕ ಮೇಲೇರುವ ಗೆರೆಯನ್ನು ಕೊಡುತ್ತೇನೆ: (3, −2) ಈಗ (−2, 3) ಆಗುತ್ತದೆ, ಅಂದರೆ ಮೊದಲಿನ ಬಿಂದು 90 ಡಿಗ್ರಿ ತಿರುಗಿರುತ್ತದೆ. ಕನ್ನಡಿಗಳ ನಡುವಿನ ಕೋನದ ಎರಡರಷ್ಟು ತಿರುಗುತ್ತದೆ ಎಂಬ ನಿಯಮವನ್ನು ಅಲ್ಲಿಂದ ಮುಂದೆ ಅವರೇ ಬರೆದುಕೊಳ್ಳುತ್ತಾರೆ.