ನೀಲಿ ಗೆರೆ ಇಲ್ಲದ ಹಳ್ಳ

ತೀರ್ಥಹಳ್ಳಿ ಕಡೆಯ ಒಂದು ಊರಿನ ರಸ್ತೆಗೆ, ಅಡಿಯಿಂದ ನೀರು ದಾಟಿಸುವ ಮೋರಿಗಳ ಅಳತೆಯ ಲೆಕ್ಕ ಹಾಕುವ ಕೆಲಸ ನನಗೆ ಬಂದಿತ್ತು. ಮೇ ತಿಂಗಳಲ್ಲಿ ಹೋಗಿ ನೋಡಿದೆ. ರಸ್ತೆಯ ತಿರುವಿನಲ್ಲಿ ಒಂದು ತಗ್ಗು, ಅದರ ತುಂಬ ತರಗೆಲೆ. ನೀರಿನ ಪಸೆಯೂ ಇರಲಿಲ್ಲ. ಟೊಪೊಶೀಟ್, ಅಂದರೆ ನೆಲದ ಏರುತಗ್ಗು ತೋರಿಸುವ ನಕ್ಷೆಯ ಹಾಳೆ, ಬಿಡಿಸಿದೆ. ಆ ಜಾಗದಲ್ಲಿ ಹರಿಯುವ ನೀರಿಗೆ ಹಾಕುವ ನೀಲಿ ಗೆರೆಯಿಲ್ಲ, ಬಹುಕಾಲ ಬತ್ತಿರುವ ಹಳ್ಳಗಳಿಗೆ ಹಾಕುವ ಕಪ್ಪು ಗೆರೆಯೂ ಇಲ್ಲ. 60 ಸೆಂಟಿಮೀಟರ್ ಸಿಮೆಂಟ್ ಕೊಳವೆ ಸಾಕು ಎಂದು ಬರೆದುಕೊಂಡು ಮುಂದಿನ ತಿರುವಿಗೆ ಹೋದೆ. ಜುಲೈನಲ್ಲಿ ಆ ಕೊಳವೆ, ಮೇಲಿದ್ದ ರಸ್ತೆಯನ್ನೂ ಕರೆದುಕೊಂಡು, ಕೆಳಗಿನ ಅಡಿಕೆ ತೋಟಕ್ಕೆ ಇಳಿಯಿತು.

ತೋಟದ ಯಜಮಾನರು ಬೈಯಲಿಲ್ಲ. "ಮಳೆಗಾಲದಲ್ಲಿ ಒಂದು ಸಲ ಬಂದು ನೋಡಿದ್ದರೆ ಸಾಕಿತ್ತು ಮಾರಾಯರೆ" ಎಂದರು. ಬೈದಿದ್ದರೆ ಒಳ್ಳೆಯದಿತ್ತು.

ಆ ರಾತ್ರಿ ಅದೇ ಹಾಳೆಯನ್ನು ಮತ್ತೆ ಹರವಿಕೊಂಡು ಕೂತೆ. ಈ ಸಲ ನೀಲಿಯನ್ನು ಬಿಟ್ಟು ಕಂದು ಗೆರೆಗಳನ್ನು, ಅಂದರೆ ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಸಮೋನ್ನತ ರೇಖೆಗಳನ್ನು, ನೋಡಿದೆ. 1:50,000 ಪ್ರಮಾಣದ ಹಾಳೆಯಲ್ಲಿ ಒಂದು ಸಮೋನ್ನತ ರೇಖೆಗೂ ಇನ್ನೊಂದಕ್ಕೂ 20 ಮೀಟರ್ ಎತ್ತರದ ಅಂತರ. ಪ್ರತಿ ಐದನೆಯ ಗೆರೆ ದಪ್ಪ. ನನ್ನ ತಿರುವಿನ ಮೇಲ್ಭಾಗದಲ್ಲಿ ನಾಲ್ಕು ಗೆರೆಗಳು, ಒಂದರ ಹಿಂದೆ ಒಂದು, ಬಾಣದ ಮೊನೆಯಂತೆ ಬಾಗಿದ್ದವು. ಮೊನೆ ಎತ್ತರದ ಅಂಕಿಯ ಕಡೆಗಿದ್ದರೆ ಅದು ಕೊಳ್ಳ, ತಗ್ಗಿನ ಅಂಕಿಯ ಕಡೆಗಿದ್ದರೆ ಗುಡ್ಡದ ಏಣು, ಅಂದರೆ ಉಬ್ಬಿದ ಬೆನ್ನು. ಕಾಲೇಜಿನಲ್ಲಿ ಇದನ್ನು ಬರೆದು ಅಂಕ ಪಡೆದಿದ್ದೇನೆ. ನಾಲ್ಕೂ ಮೊನೆಗಳು ಗುಡ್ಡದ ತಲೆಯ ಕಡೆಗೇ ಇದ್ದವು. ಹಳ್ಳ ನಕ್ಷೆಯಲ್ಲಿ ಇತ್ತು. ಅದಕ್ಕೆ ಯಾರೂ ಬಣ್ಣ ಹಚ್ಚಿರಲಿಲ್ಲ, ಅಷ್ಟೆ.

ಆಮೇಲೆ ಜಲಾನಯನದ ಗಡಿ. ಮೋರಿಯ ಚುಕ್ಕೆಯಲ್ಲಿ ಪೆನ್ಸಿಲ್ ಇಟ್ಟು, ಪ್ರತಿ ಗೆರೆಯನ್ನೂ ಅಡ್ಡಡ್ಡ, ಲಂಬಕೋನದಲ್ಲಿ ದಾಟುತ್ತ ಎಡಗಡೆಯ ಏಣಿನ ಮೇಲೆ ಹತ್ತಬೇಕು. ಮತ್ತೆ ಕೆಳಗಿಳಿದು ಬಲಗಡೆಯಿಂದ ಹತ್ತಬೇಕು. ನೆತ್ತಿಯಲ್ಲಿ ಎರಡೂ ಕೂಡಿದರೆ ಒಂದು ಚೀಲದ ಆಕಾರ ಸಿಗುತ್ತದೆ. ಆ ಚೀಲದೊಳಗೆ ಬಿದ್ದ ಮಳೆಗೆ ನಿಮ್ಮ ಮೋರಿಯ ಹೊರತು ಬೇರೆ ದಾರಿಯಿಲ್ಲ. ಈ ಹಾಳೆಯಲ್ಲಿ ಒಂದು ಚದರ ಸೆಂಟಿಮೀಟರ್ ಎಂದರೆ, ಹೆಬ್ಬೆರಳಿನ ಉಗುರಿಗಿಂತ ಚಿಕ್ಕ ಜಾಗ, 25 ಹೆಕ್ಟೇರ್. ಅದರ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ ಎರಡೂವರೆ ಕೋಟಿ ಲೀಟರ್ ನೀರು. ಆಗುಂಬೆಯ ಸೀಮೆಯಲ್ಲಿ ಒಂದೇ ದಿನ ಅಷ್ಟು ಸುರಿದರೆ ಯಾರೂ ಅದನ್ನು ಸುದ್ದಿ ಎನ್ನುವುದಿಲ್ಲ.

ನನ್ನ ಚೀಲ 28 ಹೆಕ್ಟೇರ್ ಇತ್ತು. ಗಂಟೆಗೆ 80 ಮಿಲಿಮೀಟರ್ ಬಿರುಸಿನ ಮಳೆ, ಅದರಲ್ಲಿ ಅರ್ಧ ಹರಿದು ಬರುತ್ತದೆ ಎಂದು ಹಿಡಿದರೂ ಸೆಕೆಂಡಿಗೆ ಮೂರು ಘನ ಮೀಟರ್ ದಾಟುತ್ತದೆ. ನಾನು ಹಾಕಿಸಿದ ಕೊಳವೆ ತುಂಬಿ ಹರಿದರೂ ದಾಟಿಸುತ್ತಿದ್ದುದು ಸುಮಾರು ಅರ್ಧ ಘನ ಮೀಟರ್.

ಈ ಗಡಿಗಳ ವಿಷಯದಲ್ಲಿ ನಮ್ಮ ಮಲೆನಾಡು ಬಹಳ ತಮಾಷೆಯದು. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಜೋಗದಲ್ಲಿ 253 ಮೀಟರ್ ಧುಮುಕಿ ಹೊನ್ನಾವರದಲ್ಲಿ ಅರಬ್ಬಿ ಸಮುದ್ರ ಸೇರುತ್ತದೆ. ಅದೇ ತಾಲ್ಲೂಕಿನಲ್ಲಿ ಹರಿಯುವ ತುಂಗೆ ಕೂಡ್ಲಿಯಲ್ಲಿ ಭದ್ರೆಯನ್ನು ಕೂಡಿ, ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿಗೆ ಹೋಗುತ್ತದೆ. ನಡುವಿನ ಏಣಿನ ಮೇಲೆ ನಿಂತು ಕೊಡೆ ಕೊಡವಿದರೆ ಹನಿಗಳು ಎರಡು ಸಮುದ್ರಗಳಿಗೆ ಹಂಚಿಹೋಗುತ್ತವೆ. ನಕ್ಷೆಯಲ್ಲಿ ಆ ಏಣಿಗೆ ಹೆಸರೂ ಇಲ್ಲ, ಬಣ್ಣವೂ ಇಲ್ಲ.

ಲೆಕ್ಕ ಮುಗಿಯಿತು ಎಂದುಕೊಂಡು ಹೊಸ ಚೀಲವನ್ನು ಯಜಮಾನರಿಗೆ ತೋರಿಸಿದೆ. ಅವರು ಬಹಳ ಹೊತ್ತು ತಮ್ಮ ಮನೆ ಹುಡುಕಿದರು. ಆಮೇಲೆ ಎಡಗಡೆಯ ಏಣಿನ ಮೇಲೆ ಬೆರಳಿಟ್ಟು "ಇಲ್ಲಿಂದಲೂ ನೀರು ಬರುತ್ತದೆ" ಎಂದರು. ಬರಲು ಸಾಧ್ಯವಿಲ್ಲ, ಅದು ಆಚೆ ಇಳಿಜಾರು ಎಂದು ನಾನು ವಾದಿಸಿದೆ. ಅವರು ಕತ್ತಿ ತೆಗೆದುಕೊಂಡು ಹೊರಟೇಬಿಟ್ಟರು. ಕಾನಿನೊಳಗೆ, ಕಾಲಿಗೆ ಕಚ್ಚಿದ ಉಂಬಳ ಕೀಳುತ್ತ, ಮುಕ್ಕಾಲು ಗಂಟೆ ಹತ್ತಿದ ಮೇಲೆ ಏಣು ಒಂದು ಕಡೆ ಕುದುರೆಯ ತಡಿಯಂತೆ ಕುಸಿದಿತ್ತು. ಕುಸಿತ ಏಳೆಂಟು ಮೀಟರ್ ಇದ್ದೀತು. 20 ಮೀಟರ್ ಅಂತರದ ಗೆರೆಗಳ ನಡುವೆ ಅದು ಕಾಣುವಂತೆಯೇ ಇರಲಿಲ್ಲ. ಆ ತಗ್ಗಿನ ಮೂಲಕ, ಪಾಚಿ ಹಿಡಿದ, ಮೊಣಕಾಲಾಳದ ಹಳೆಯ ಅಗಳೊಂದು ಆಚೆ ಬದಿಯ ನೀರನ್ನು ಈಚೆ ತರುತ್ತಿತ್ತು. ಅವರ ಅಜ್ಜನ ಕಾಲದಲ್ಲಿ ಬೇಸಿಗೆಗೆ ತೋಟಕ್ಕೆ ನೀರು ಬೇಕೆಂದು ತೋಡಿದ್ದಂತೆ. ಮಳೆಗಾಲದಲ್ಲಿ ಅದನ್ನು ಮುಚ್ಚುವವರು ಈಗ ಊರಿನಲ್ಲಿ ಉಳಿದಿಲ್ಲ.

ಹೀಗೆ ಇನ್ನೂ ಆರು ಹೆಕ್ಟೇರ್ ಸೇರಿಕೊಂಡಿತು. ಎರಡು ಮೀಟರ್ ಅಗಲ, ಒಂದೂವರೆ ಮೀಟರ್ ಎತ್ತರದ ಪೆಟ್ಟಿಗೆಯಾಕಾರದ ಮೋರಿ ಕಟ್ಟಿದೆವು.

ನನ್ನ ಹಾಳೆಯಲ್ಲಿ ಆ ಅಗಳು ಈಗ ಕೆಂಪು ಪೆನ್ಸಿಲ್ಲಿನಲ್ಲಿದೆ. ಎಳೆದವರು ಯಜಮಾನರೇ: ಎಂಟು ಮಿಲಿಮೀಟರ್ ಉದ್ದ, ಸ್ವಲ್ಪ ಸೊಟ್ಟ.