ಎರಡನೇ ಸ್ಯಾಂಪಲ್ ಬರುವ ತನಕ

ಘಾಟ್ಕೋಪರ್‌ನ ಹೋಟೆಲೊಂದರ ಅಡುಗೆಮನೆ ನೋಡಿಕೊಳ್ಳುವವರು ಅವರು, ಐವತ್ತು ದಾಟಿದ ಕುಂದಾಪುರ ಕಡೆಯವರು. ಅವರ ಭಾವ ಅವರನ್ನು ರಿಕ್ಷಾದಲ್ಲಿ ನಮ್ಮ ಆಸ್ಪತ್ರೆಗೆ ಕರೆತಂದಾಗ ರಾತ್ರಿ 12 ಹೊಡೆದಿತ್ತು. 10.30ರ ಸುಮಾರಿಗೆ ಎದೆಯ ನಡುವೆ ಒತ್ತಿದಂತಾಗಿ ನೋವು ಎಡ ದವಡೆಗೆ ಹತ್ತಿದೆ. ಸೋಡಾ ಕುಡಿದಿದ್ದಾರೆ, ಗ್ಯಾಸಿನ ಗುಳಿಗೆ ನುಂಗಿದ್ದಾರೆ, ಹತ್ತಿರದ ದವಾಖಾನೆಯಲ್ಲಿ ಸೊಂಟಕ್ಕೆ ನೋವಿನ ಇಂಜೆಕ್ಷನ್ ಹಾಕಿಸಿಕೊಂಡಿದ್ದಾರೆ. ಎದೆನೋವಿನವರಿಗೆ ಸ್ನಾಯುವಿಗೆ ಇಂಜೆಕ್ಷನ್ ಕೊಡಲೇಬಾರದು. ಮುಂದೆ ಹೆಪ್ಪು ಕರಗಿಸುವ ಔಷಧಿ ಕೊಡಬೇಕಾಗಿ ಬಂದರೆ ಚುಚ್ಚಿದ ಜಾಗದಲ್ಲಿ ರಕ್ತ ಒಸರುತ್ತದೆ. ಸ್ನಾಯುವಿಗೆ ಪೆಟ್ಟಾಗಿ ರಕ್ತದಲ್ಲಿ ಸಿಕೆ ಎಂಬ ಸ್ನಾಯುವಿನ ಎಂಜೈಮ್ ಏರುವುದರಿಂದ ಲ್ಯಾಬಿನ ಲೆಕ್ಕವೂ ಕೆಡುತ್ತದೆ.

ಬಂದು ಹತ್ತು ನಿಮಿಷದೊಳಗೆ ಇಸಿಜಿ ಆಯಿತು. ಅದರ ಗೆರೆಯಲ್ಲಿ ಎಸ್‌ಟಿ ಎಂಬ ಭಾಗ ಮೇಲೆದ್ದಿರಲಿಲ್ಲ. ಎದ್ದಿದ್ದರೆ ರಕ್ತದ ರಿಪೋರ್ಟಿಗೆ ಯಾರೂ ಕಾಯುತ್ತಿರಲಿಲ್ಲ, ಕಾಯಲೂಬಾರದು. ಅಂಥವರನ್ನು ನೇರ ಕ್ಯಾಥ್ ಲ್ಯಾಬಿಗೆ, ಅಂದರೆ ಹೃದಯದ ರಕ್ತನಾಳದ ತಡೆ ತೆರೆಯುವಲ್ಲಿಗೆ, ಒಯ್ಯಬೇಕು. ಇವರ ಇಸಿಜಿಯಲ್ಲಿ ಎರಡು ಮೂರು ಲೀಡ್‌ಗಳಲ್ಲಿ ಟಿ ಅಲೆ ಮಾತ್ರ ತಲೆಕೆಳಗಾಗಿತ್ತು. ಹೀಗಿದ್ದಾಗಲೇ ಟ್ರೋಪೋನಿನ್ ಎಂಬ ರಕ್ತ ಪರೀಕ್ಷೆ ಬೇಕಾಗುವುದು.

ಲ್ಯಾಬಿಗೆ ಮೊದಲು ಬಂದ ರಕ್ತದ ಟ್ಯೂಬನ್ನು ಸೆಂಟ್ರಿಫ್ಯೂಜಿನಿಂದ ತೆಗೆದಾಗ ಮೇಲಿನ ಪ್ಲಾಸ್ಮಾ ಒಣಹುಲ್ಲಿನ ಬಣ್ಣಕ್ಕಿರಲಿಲ್ಲ, ಕೋಕಂ ಶರಬತ್ತಿನಂತೆ ಕೆಂಪಗಿತ್ತು. ಸಲೈನ್ ಸೂಜಿಯಿಂದಲೇ ಸಿರಿಂಜ್ ಹಚ್ಚಿ ಜೋರಾಗಿ ಎಳೆದಿದ್ದರು, ಕೆಂಪು ಕಣಗಳು ಒಡೆದಿದ್ದವು. ಅಂಥ ರಕ್ತದಲ್ಲಿ ಕೆಲವು ಕಿಟ್‌ಗಳು ಟ್ರೋಪೋನಿನ್ ಕಡಿಮೆ ತೋರಿಸುತ್ತವೆ, ಕೆಲವು ಜಾಸ್ತಿ. ಎರಡೂ ಅಪಾಯವೇ. ಇನ್ನೊಂದು ಕೈಯಿಂದ ಹೊಸದಾಗಿ 4 ಎಂಎಲ್ ತೆಗೆಸಿದೆವು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಇರುವ ಹಸಿರು ಮುಚ್ಚಳದ ಟ್ಯೂಬಿಗೆ ಹಾಕಿ ಎಂಟು ಹತ್ತು ಸಲ ಮೆಲ್ಲಗೆ ಮಗುಚಬೇಕು, ಕುಲುಕಬಾರದು. ಸೀರಮ್ ಟ್ಯೂಬ್ ಬಳಸುವ ಲ್ಯಾಬುಗಳಲ್ಲಿ ರಕ್ತ ಹೆಪ್ಪುಗಟ್ಟಲು ಅರ್ಧ ಗಂಟೆ ಬಿಡಲೇಬೇಕು. ಅವಸರ ಮಾಡಿದರೆ ಕಣ್ಣಿಗೆ ಕಾಣದ ಫೈಬ್ರಿನ್ ಎಂಬ ಹೆಪ್ಪಿನ ಎಳೆ ಉಳಿದು ಇಲ್ಲದ ಟ್ರೋಪೋನಿನ್ ಇದ್ದಂತೆ ತೋರುತ್ತದೆ. ಟ್ಯೂಬಿನ ಮೇಲೆ ಹೆಸರು, ನಂಬರಿನ ಜೊತೆ ರಕ್ತ ತೆಗೆದ ಗಂಟೆ ಬರೆಯಿಸಿದೆವು: 12.40. ಪಕ್ಕದಲ್ಲೇ ನೋವು ಶುರುವಾದದ್ದು: 10.30. ಈ ಎರಡು ಸಮಯ ಗೊತ್ತಿಲ್ಲದೆ ಬರುವ ಸಂಖ್ಯೆಯನ್ನು ಓದುವುದೇ ಕಷ್ಟ.

1.15ಕ್ಕೆ ಉತ್ತರ ಬಂತು: ಹೈ ಸೆನ್ಸಿಟಿವಿಟಿ (ತೀರಾ ಸಣ್ಣ ಪ್ರಮಾಣವನ್ನೂ ಹಿಡಿಯುವ) ಟ್ರೋಪೋನಿನ್ ಐ, ಲೀಟರಿಗೆ 11 ನ್ಯಾನೊಗ್ರಾಂ. ನಮ್ಮ ಕಿಟ್‌ನಲ್ಲಿ ಗಂಡಸರ ಮಿತಿ 34.

ಭಾವನ ಮುಖ ಅರಳಿತು. "ನಾರ್ಮಲ್ ಅಲ್ವಾ ಅಕ್ಕ? ಗ್ಯಾಸೇ ಅದು. ಬೆಳಿಗ್ಗೆ ಐದಕ್ಕೆ ಹೋಟೆಲ್ ತೆಗೀಬೇಕು, ಕರ್ಕೊಂಡು ಹೋಗ್ತೇನೆ."

"ಆ ರಕ್ತ ತೆಗೆಯುವಾಗ ನೋವು ಬಂದು ಎರಡು ಗಂಟೆ ಮಾತ್ರ ಆದದ್ದು ಮಾರಾಯ್ರೆ. ಇನ್ನೊಂದು ಸ್ಯಾಂಪಲ್ ಆಗುವ ತನಕ ಅವರನ್ನು ಎಬ್ಬಿಸ್ಬೇಡಿ."

ಅಷ್ಟರಲ್ಲಿ ಊರಿನಿಂದ ಪೇಷಂಟಿನ ಅಳಿಯನ ಫೋನು. ಹೋದ ವರ್ಷ ಇನ್ನೊಬ್ಬ ಮಾವನದ್ದು 0.8 ಇತ್ತು, ಅದಕ್ಕೇ ಅಟ್ಯಾಕ್ ಅಂದಿದ್ದರು, ಇವರದ್ದು 11 ಅಂದರೆ ಹೇಗೆ ನಾರ್ಮಲ್ ಎಂದು ಅವನ ಗಾಬರಿ. ಆ 0.8 ಮಿಲಿಲೀಟರಿನ ಲೆಕ್ಕ, ಲೀಟರಿಗೆ 800 ಆಗುತ್ತದೆ. ನಮ್ಮ 11 ಆ ಲೆಕ್ಕದಲ್ಲಿ 0.011. ಸಂಖ್ಯೆಗಿಂತ ಮೊದಲು ಅದರ ಪಕ್ಕದ ಅಳತೆಯನ್ನು ನೋಡಬೇಕು.

ಹೃದಯದ ಸ್ನಾಯು ಸಾಯತೊಡಗಿದ ಮೇಲೆ ಅದರೊಳಗಿನ ಟ್ರೋಪೋನಿನ್ ಎಂಬ ಪ್ರೋಟೀನು ರಕ್ತಕ್ಕೆ ಸೋರಿ ಮಿತಿ ದಾಟಲು ಹಳೆಯ ವಿಧಾನಗಳಲ್ಲಿ 3ರಿಂದ 6 ಗಂಟೆ ಬೇಕಾಗುತ್ತಿತ್ತು. ಹೊಸ ಕಿಟ್‌ಗಳು ಬೇಗ ಹಿಡಿಯುತ್ತವೆ, ಆದರೂ ತೀರಾ ಮುಂಚೆ ತೆಗೆದ ರಕ್ತದಲ್ಲಿ ಸಿಗದೇ ಹೋಗಬಹುದು. ಅದಕ್ಕೇ ಕಿಟ್ ನೋಡಿಕೊಂಡು 1, 2 ಅಥವಾ 3 ಗಂಟೆ ಬಿಟ್ಟು ಮತ್ತೆ ತೆಗೆಯುವುದು. ಏರಿದ ಟ್ರೋಪೋನಿನ್ ವಾರ, ಹತ್ತು ದಿನ ಹಾಗೇ ಇರುತ್ತದೆ. ಹೃದಯಕ್ಕೆಂದು ನೋಡುವ ಸಿಕೆಯ ಬಗೆಯಾದ ಸಿಕೆ-ಎಂಬಿ 4ರಿಂದ 6 ಗಂಟೆಗೆ ಏರಲು ಶುರುವಾಗಿ, ಒಂದು ದಿನದೊಳಗೆ ತುದಿ ಮುಟ್ಟಿ, ಎರಡು ಮೂರು ದಿನಕ್ಕೆ ಇಳಿಯುತ್ತದೆ. 1954ರಲ್ಲಿ ನ್ಯೂಯಾರ್ಕಿನ ವೈದ್ಯರು ಹಾರ್ಟ್ ಅಟ್ಯಾಕ್ ಆದವರ ರಕ್ತದಲ್ಲಿ ಏರಿದ್ದನ್ನು ಮೊದಲು ತೋರಿಸಿದ್ದು ಎಸ್‌ಜಿಒಟಿ ಎಂಬ ಎಂಜೈಮನ್ನು. ಈಗ ಅದನ್ನು ಲಿವರ್ ಪರೀಕ್ಷೆಗೇ ಬಿಟ್ಟಿದ್ದಾರೆ. ಹೃದಯಕ್ಕೆಂದು ಎಸ್‌ಜಿಒಟಿ, ಎಲ್‌ಡಿಎಚ್ ಎಂಬ ಹಳೆಯ ಪರೀಕ್ಷೆಗಳನ್ನು ಸೇರಿಸಿ ದೊಡ್ಡ ಪ್ಯಾಕೇಜ್ ಬಿಲ್ಲು ಮಾಡುವುದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

3.40ಕ್ಕೆ ಎರಡನೇ ಸ್ಯಾಂಪಲ್ ತೆಗೆದರು. ಅದೇ ಟ್ಯೂಬ್, ಅದೇ ಮೆಷಿನ್, 10 ನಿಮಿಷ ತಿರುಗಿಸಿ ಒಳಗಿಟ್ಟೆವು. ಭಾವ ಲ್ಯಾಬಿನ ಬಾಗಿಲಲ್ಲೇ ನಿಂತಿದ್ದರು. 186. ಪೇಷಂಟಿಗೆ ಆಗ ನೋವೂ ಇರಲಿಲ್ಲ, ಮಲಗಿ ಬೆವರೊರೆಸಿಕೊಳ್ಳುತ್ತಿದ್ದರಷ್ಟೇ. ಸಿಕೆ-ಎಂಬಿ ಇನ್ನೂ ಗೆರೆಯೊಳಗೇ ಇತ್ತು, ಅದೊಂದನ್ನೇ ನಂಬಿದ್ದರೆ ಅವರು ಹೋಟೆಲಿನ ಬಾಗಿಲು ತೆಗೆಯುತ್ತಿದ್ದರು. ಒಟ್ಟು ಸಿಕೆ ಸ್ವಲ್ಪ ಮೇಲಿತ್ತು. ದಿನವಿಡೀ ಹಿಟ್ಟಿನ ಪಾತ್ರೆ ಎತ್ತುವ ಮೈಗೆ, ಮೇಲೆ ಆ ಇಂಜೆಕ್ಷನ್ನಿಗೆ, ಅದು ಯಾವ ಸ್ನಾಯುವಿನದೆಂದು ಹೇಳಲಾಗದು.

186 ಎಂಬ ಅಂಕಿ ಒಂದೇ ಇದ್ದಿದ್ದರೆ ತೀರ್ಮಾನ ಇಷ್ಟು ಸುಲಭವಿರುತ್ತಿರಲಿಲ್ಲ. ಕಿಡ್ನಿ ಕೆಟ್ಟವರಲ್ಲಿ, ಹೃದಯ ಸೋತವರಲ್ಲಿ ಟ್ರೋಪೋನಿನ್ ಯಾವಾಗಲೂ ಮೇಲೇ ಇರಬಹುದು. ಅಂಥವರಲ್ಲಿ ಎರಡು ಸ್ಯಾಂಪಲ್ ಹೆಚ್ಚುಕಡಿಮೆ ಒಂದೇ ಅಂಕಿ ಕೊಡುತ್ತವೆ. 11ರಿಂದ 186ಕ್ಕೆ ಜಿಗಿತ, ಜೊತೆಗೆ ಆ ನೋವು, ಆ ಇಸಿಜಿ. ಮೂರೂ ಕೂಡಿದ್ದರಿಂದ ಡಾಕ್ಟರು ಹಾರ್ಟ್ ಅಟ್ಯಾಕ್ ಎಂದರು. ಮೊದಲೇ ಆಸ್ಪಿರಿನ್ ಕೊಟ್ಟಾಗಿತ್ತು, ಹೆಪಾರಿನ್ ಶುರು ಮಾಡಿದರು.

ನಮ್ಮಲ್ಲಿ ಕ್ಯಾಥ್ ಲ್ಯಾಬ್ ಇಲ್ಲ. ಆಂಬ್ಯುಲೆನ್ಸ್ ಹೊರಡುವ ಮೊದಲು ಎರಡೂ ರಿಪೋರ್ಟಿನ ಮೇಲೆ ರಕ್ತ ತೆಗೆದ ಗಂಟೆ, ಕಿಟ್‌ನ ಹೆಸರು, ಟ್ರೋಪೋನಿನ್ ಐ ಎಂಬುದು, ಅಳತೆ ಇಷ್ಟನ್ನೂ ಪೆನ್ನಿನಲ್ಲಿ ದೊಡ್ಡದಾಗಿ ಬರೆದು ಭಾವನ ಕೈಗೆ ಕೊಟ್ಟೆವು. ಆ ಆಸ್ಪತ್ರೆಯವರು ಅದರ ಇನ್ನೊಂದು ಬಗೆಯಾದ ಟ್ರೋಪೋನಿನ್ ಟಿ ಮಾಡುವವರಾದರೆ ಅವರ ಮಿತಿ 14, ಅವರ ಅಂಕಿಯನ್ನು ನಮ್ಮ 186ರ ಪಕ್ಕ ಇಟ್ಟು ಏರಿತೋ ಇಳಿಯಿತೋ ಎಂದು ನೋಡುವಂತಿಲ್ಲ. "ಅಲ್ಲಿ ಪುನಃ ಮೊದಲಿಂದ ತೆಗೀತಾರೆ, ಬೇಡ ಅನ್ಬೇಡಿ" ಎಂದು ಅವರಿಗೆ ಹೇಳಿ ಕಳಿಸಿದೆವು.