ಹೆಡ್‌ಫೋನಿನಲ್ಲಿದ್ದ ಬೇಸ್ ಗೋದಾಮಿನಲ್ಲಿ ಇರಲಿಲ್ಲ

ಶುಕ್ರವಾರ ನಮ್ಮ ಹೊಸ ಹಾಡುಗಳ ರಿಲೀಸ್. ಬುಧವಾರ ರಾತ್ರಿ ಎಂಟೂವರೆಗೆ ನಾನು ಗೋಕುಲ ರೋಡ್ ಕಡೆಯ ಒಂದು ಸೌಂಡ್ ಸರ್ವಿಸ್ ಗೋದಾಮಿನಲ್ಲಿದ್ದೆ. ಕೇಬಲ್ ವಾಪಸ್ ಕೊಡೋಕೆ ಹೋಗಿದ್ದೆ, ಅಷ್ಟೇ. ಅಲ್ಲಿನ ಅಣ್ಣ ಗಣಪತಿ ಸೀಸನ್ನಿಗೆ ಬೇಸ್ ಬಾಕ್ಸ್ ರಿಪೇರಿ ಮಾಡಿ ಟೆಸ್ಟ್ ಮಾಡುತ್ತಿದ್ದರು. "ನಿಮ್ಮದು ಹೊಸಾದು ಏನರ ಇದ್ರ ಹಚ್ಚು ತಮ್ಮಾ, ಕೇಳೂಣು" ಅಂದರು.

ಖುಷಿಯಿಂದ ಹಚ್ಚಿದೆ. ನಾನು ಒಂದು ಸಣ್ಣ ಇಂಡಿಪೆಂಡೆಂಟ್ ಲೇಬಲ್‌ಗೆ ಹುಬ್ಬಳ್ಳಿಯಿಂದಲೇ ಮಾಸ್ಟರಿಂಗ್ (ಹಾಡಿನ ಧ್ವನಿಗೆ ಕೊನೆಯ ಹದ ಕೊಡೋದು), ಡೆಲಿವರಿ (ಫೈಲನ್ನು ಆನ್‌ಲೈನ್ ಅಂಗಡಿಗಳಿಗೆ ಕಳಿಸೋದು) ಎರಡೂ ನೋಡಿಕೊಳ್ಳುತ್ತೇನೆ. ಕುಣಿಯೋ ಎಲೆಕ್ಟ್ರಾನಿಕ್ ಸಂಗೀತ, ಅದರಲ್ಲೂ ಹೌಸ್ ಮತ್ತು ಟೆಕ್ನೋ ಮಾತ್ರ. ಈ ಸಲ ನಾಲ್ಕು ಟ್ರ್ಯಾಕಿನ ಇಪಿ, ಅಂದರೆ ಸಣ್ಣ ಆಲ್ಬಂ; ಎರಡು ಹೌಸ್ ನಿಮಿಷಕ್ಕೆ 124 ಬಡಿತಕ್ಕೆ, ಎರಡು ಟೆಕ್ನೋ 134ಕ್ಕೆ. ಮಾಡಿದವನು ಧಾರವಾಡದ ಹುಡುಗ, ಅವನ ಮೊದಲ ರಿಲೀಸ್. ಆ ಮೊದಲ ಹೌಸ್ ಟ್ರ್ಯಾಕ್ ನನಗೆ ತುಂಬಾ ಇಷ್ಟ.

ಬೇಸ್ ಬಾಕ್ಸ್ ಮೇಲೆ ಅಣ್ಣನ ಚಹಾ ಲೋಟ ಇತ್ತು. ಕಿಕ್ (ಡ್ರಮ್ಮಿನ ದಪ್ಪ ಪೆಟ್ಟು) ಬಿದ್ದಾಗಲೆಲ್ಲ ಚಹಾದಲ್ಲಿ ಬಳೆ ಬಳೆ ಏಳುತ್ತಿತ್ತು. 909 ಡ್ರಮ್ ಮಷೀನಿನ ಕ್ಲ್ಯಾಪ್ ಬಂತು, ಹ್ಯಾಟ್ ಬಂತು. ಮೂವತ್ತೆರಡು ಬಾರ್ ಆದಮೇಲೆ ಬೇಸ್‌ಲೈನ್ ಬರಬೇಕು. ಬರಲಿಲ್ಲ. ಕಿಕ್ ಕಿಕ್ಕಿನ ನಡುವೆ ಚಹಾ ಸುಮ್ನೆ ಕೂತಿತ್ತು.

"ಬೇಸ್ ಎಲ್ಲಿ ಹೋತೋ?"

ಮೊದಲು ಕೇಬಲ್ ಮೇಲೆ ಅನುಮಾನ ಬಂತು, ಆಮೇಲೆ ಪೆನ್ ಡ್ರೈವ್ ಮೇಲೆ, ಆಮೇಲೆ ಬೇಸನ್ನು ಬೇರ್ಪಡಿಸಿ ಬಾಕ್ಸಿಗೆ ಕಳಿಸುವ ಅವರ ಕ್ರಾಸ್‌ಓವರ್ ಮೇಲೆ. ಕಳೆದ ತಿಂಗಳ ರಿಲೀಸ್ ಹಚ್ಚಿದೆ, ಶೀಟಿನ ಛಾವಣಿ ನಡುಗಿತು. ಇದೇ ಫೈಲನ್ನು ಫೋನಿನಲ್ಲಿ ಹೆಡ್‌ಫೋನ್ ಹಾಕಿ ಕೇಳಿದೆ, ಬೇಸ್ ಇದೆ. ಬಾಕ್ಸಿನಲ್ಲಿ ಇಲ್ಲ. "ಅಣ್ಣಾ, ಇದು ಸ್ಟೀರಿಯೋನಾ?" ಅಂತ ಕೇಳಿದೆ. "ಮೆರವಣಿಗ್ಯಾಗ ಸ್ಟೀರಿಯೋ ತಗೊಂಡು ಏನ್ ಮಾಡ್ತಿ? ಎರಡೂ ಕಡೆ ಒಂದ ಬರತೈತಿ" ಅಂದರು.

ಆಗ ಅರ್ಥವಾಯಿತು. ಹುಡುಗ ಕಳಿಸಿದ ಪ್ರೀಮಾಸ್ಟರಿನಲ್ಲಿ ಬೇಸ್ ಸಪೂರ ಅನಿಸಿತ್ತು ಅಂತ ನಾನೇ ಅದರ ಮೇಲೆ ವೈಡ್ನರ್, ಅಂದರೆ ಧ್ವನಿಯನ್ನು ಎಡ ಬಲಕ್ಕೆ ಅಗಲಿಸುವ ಪ್ಲಗಿನ್, ಹಾಕಿದ್ದೆ. ಎಡಗಡೆಯ ಅಲೆ ಮೇಲೆ ಹೋದಾಗ ಬಲಗಡೆಯದು ಕೆಳಗೆ. ಹೆಡ್‌ಫೋನಿನಲ್ಲಿ ಒಂದೊಂದು ಕಿವಿಗೆ ಒಂದೊಂದು ಬರುತ್ತದೆ, ಅಗಲವಾಗಿ ಚೆಂದ ಕೇಳಿಸುತ್ತದೆ. ಎಡ ಬಲ ಸೇರಿ ಒಂದೇ ಆಗುವ ಮೋನೋದಲ್ಲಿ ಎರಡೂ ಒಂದನ್ನೊಂದು ನುಂಗಿಬಿಡುತ್ತವೆ. ಆಮೇಲೆ ನೋಡಿದರೆ, ಎಡ ಬಲ ಎಷ್ಟು ಹೊಂದುತ್ತವೆ ಅಂತ ತೋರಿಸುವ ಕೋರಿಲೇಷನ್ ಮೀಟರ್ ಮೈನಸ್‌ನಲ್ಲಿತ್ತು. ಮಾಸ್ಟರ್ ಮಾಡುವಾಗ ಆ ಮೀಟರನ್ನು ನಾನು ತೆರೆದೇ ಇರಲಿಲ್ಲ. ಚಿಕಾಗೋದ ವೇರ್‌ಹೌಸ್ ಕ್ಲಬ್ಬಿನಲ್ಲಿ ಡಿಜೆ ಫ್ರಾಂಕಿ ನಕಲ್ಸ್ ರೆಕಾರ್ಡ್ ಹಾಕುತ್ತಿದ್ದ ಕಾಲದಿಂದ ಹೌಸ್ ಇರೋದೇ ದೊಡ್ಡ ಬಾಕ್ಸಿನ ಮುಂದೆ ಕುಣಿಯೋಕೆ. ಎಷ್ಟೋ ಕ್ಲಬ್ಬಿನಲ್ಲಿ ಸಬ್ (ತೀರಾ ಕೆಳಗಿನ ಬೇಸಿನ ಸ್ಪೀಕರ್) ಮೋನೋದಲ್ಲೇ ಓಡುತ್ತದೆ. ನಾನು ಅದನ್ನು ಕಿವಿಗೆ ಅಂಟಿಸಿಕೊಂಡು ಮುಗಿಸಿದ್ದೆ.

ಇದಕ್ಕಿಂತ ಜಾಸ್ತಿ ನೋಯಿಸುವುದು ಬೇರೆ. ಎರಡು ವಾರ ಮೊದಲೇ ಡಿಜೆಗಳಿಗೆ ಪ್ರೋಮೋ, ಅಂದರೆ ರಿಲೀಸಿಗೆ ಮುಂಚೆ ಕೇಳೋಕೆ ಕೊಡುವ ಪ್ರತಿ, ಹೋಗಿತ್ತು. ಪುಣೆಯ ಒಬ್ಬರು ಬರೆದಿದ್ದರು: ಗ್ರೂವ್ ಚೆನ್ನಾಗಿದೆ, ಫ್ಲೋರ್ ಮೇಲೆ ಬೇಸ್ ಸಿಗಲಿಲ್ಲ. ಓದಿದೆ. ಅವರ ಜಾಗದ ಸಿಸ್ಟಮ್ ಸರಿ ಇಲ್ಲ ಅಂತ ನಾನೇ ತೀರ್ಮಾನ ಮಾಡಿದೆ. ಲೇಬಲ್ ನಡೆಸುವ ಮೇಡಂಗೆ ಅದನ್ನು ಫಾರ್ವರ್ಡ್ ಕೂಡ ಮಾಡಲಿಲ್ಲ. ಆ ದಿನವೇ ಒಂದು ಸಲ ಮೋನೋ ಬಟನ್ ಒತ್ತಿದ್ದರೆ ಕೈಯಲ್ಲಿ ಸಾಕಷ್ಟು ದಿನ ಇರುತ್ತಿತ್ತು.

ಗೋದಾಮಿನ ಹೊರಗೆ ಬೈಕ್ ಮೇಲೆ ಕೂತು ನಲವತ್ತು ನಿಮಿಷ ಯಾರಿಗೂ ಫೋನ್ ಮಾಡಲಿಲ್ಲ. ಮನೆಗೆ ಹೋಗಿ ನಾನೇ ಸರಿ ಮಾಡಿ ಬದಲಾಯಿಸಿದರೆ ಯಾರಿಗೂ ಗೊತ್ತಾಗಲ್ಲ ಅಂತ ಲೆಕ್ಕ ಹಾಕುತ್ತಿದ್ದೆ. ಅಂಗಡಿಗಳಿಗೆ ಫೈಲ್ ಕಳಿಸುವ ಪೋರ್ಟಲ್ ತೆರೆದೆ, ಆಡಿಯೋ ಮುಂದೆ ಬೀಗದ ಗುರುತು. ಬದಲಾಯಿಸಬೇಕಾದರೆ ಟಿಕೆಟ್ ಹಾಕಬೇಕು, ಮೂರು ಕೆಲಸದ ದಿನ. ಆಮೇಲೆ ಮೇಡಂಗೆ ಫೋನ್ ಮಾಡಿದೆ. ಬೈತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ: "ಹುಡುಗನಿಗೆ ಹೇಳಿದ್ದೀರಾ?" ಹೇಳಿರಲಿಲ್ಲ.

ಹೇಳಿದೆ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಸ್ಟೆಮ್ ಕಳಸ್ತೀನ್ರಿ ಸರ್, ಈಗ" ಅಂದ. ಸ್ಟೆಮ್ ಅಂದರೆ ಹಾಡಿನ ಬೇಸ್, ಡ್ರಮ್ ಬೇರೆ ಬೇರೆ ಇರುವ ಫೈಲುಗಳು. ಹನ್ನೊಂದಕ್ಕೆ ಲಿಂಕ್ ಬಂತು. ವೈಡ್ನರ್ ತೆಗೆದೆ, 120 ಹರ್ಟ್ಜ್ ಕೆಳಗಿನದೆಲ್ಲ ಮೋನೋ ಮಾಡಿದೆ. ಬೇಸ್ ಸಪೂರ ಅನಿಸಿದ್ದು ನನ್ನ ರೂಮಿನ ದೋಷ, ಅವನ ಮಿಕ್ಸಿನದಲ್ಲ. ಅವನು ಕಳಿಸಿದ ಹಾಗೇ ಬಿಟ್ಟಿದ್ದರೆ ಸಾಕಿತ್ತು.

ಹಾಡನ್ನು ನೇರವಾಗಿ ಮಾರುವ ತಾಣ ಬ್ಯಾಂಡ್‌ಕ್ಯಾಂಪಿನಲ್ಲಿ ಫೈಲ್ ನಮ್ಮ ಕೈಯಲ್ಲೇ ಇರುತ್ತದೆ, ಅಲ್ಲಿ ರಾತ್ರಿಯೇ ಬದಲಾಯಿತು. ಉಳಿದ ಕಡೆ ಶುಕ್ರವಾರ ಹಳೆಯ ಮಾಸ್ಟರೇ ಹೊರಬಂತು, ಮಂಗಳವಾರದವರೆಗೆ ಅದೇ ಇತ್ತು. ಆ ನಾಲ್ಕೈದು ದಿನದಲ್ಲಿ ಡೌನ್‌ಲೋಡ್ ಕೊಂಡ ಡಿಜೆಗಳ ಹತ್ತಿರ ಇವತ್ತಿಗೂ ಆ ಬೇಸಿಲ್ಲದ ಫೈಲ್ ಇರಬಹುದು. ಆ ಪೋರ್ಟಲ್ ಬಗ್ಗೆ ಒಂದು ಮಾತು ಹೇಳಲೇಬೇಕು. ಕವರ್ ಚಿತ್ರ 3000 ಪಿಕ್ಸೆಲ್‌ಗಿಂತ ಒಂದು ಕಡಿಮೆ ಇದ್ದರೂ ತಕ್ಷಣ ಕೆಂಪು ಅಕ್ಷರದಲ್ಲಿ ಕೂಗುತ್ತದೆ. ಹಾಡಿನ ಅರ್ಧ ಜೀವ ಮಾಯವಾದರೆ ಹಸಿರು ಟಿಕ್ ಹಾಕುತ್ತದೆ.

ಪುಣೆಯವರಿಗೆ ಕ್ಷಮೆ ಕೇಳಿ ಹೊಸ ಫೈಲ್ ಕಳಿಸಿದೆ. ಈಗ ಪ್ರೋಮೋಗೆ ಬಂದ ಪ್ರತಿಯೊಂದು ಉತ್ತರವೂ, ಒಂದೇ ಸಾಲಿದ್ದರೂ, ಮೇಡಂಗೂ ಹೋಗುತ್ತದೆ, ಹಾಡು ಮಾಡಿದವರಿಗೂ ಹೋಗುತ್ತದೆ. ಒಂದು ಸಣ್ಣ ಮೋನೋ ಸ್ಪೀಕರ್ ಕೊಡಿಸಿ ಅಂತ ಮೇಡಂಗೆ ಕೇಳಿ ಮೂರು ತಿಂಗಳಾಯಿತು, ಮುಂದಿನ ತಿಂಗಳು ನೋಡೋಣ ಅಂದಿದ್ದಾರೆ. ಅಲ್ಲಿಯವರೆಗೆ ಡೆಲಿವರಿಗೆ ಮೊದಲು ಪೆನ್ ಡ್ರೈವ್ ಹಿಡಿದು ಗೋದಾಮಿಗೆ ಹೋಗುತ್ತೇನೆ. ಅಣ್ಣ ಕೈಯಲ್ಲಿದ್ದ ಕೆಲಸ ಬಿಟ್ಟು ಲೋಟವನ್ನು ಬಾಕ್ಸ್ ಮೇಲೆ ಇಡುತ್ತಾರೆ.